ನರ್ಸಮ್ಮನ ಗಡಿಯಾರ

ಶಿಕಾರಿಪುರದಲ್ಲಿ ತಾಯಮ್ಮ ಎಂದರೆ ಯಾವ ತಾಯಮ್ಮ ಎನ್ನುತ್ತಾರೆ. ನರ್ಸಮ್ಮ ಎಂದರೆ ಮನೆಯವರೆಗೂ ತಂದು ಬಿಡುತ್ತಾರೆ. ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿ ಹೋದ ವರ್ಷ, ಐವತ್ತೆಂಟನೇ ವಯಸ್ಸಿಗೆ, ನಿವೃತ್ತಳಾದೆ. ಮದುವೆಯಾಗಲಿಲ್ಲ. ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ಕಾಫಿಗೆ ಬೆಲ್ಲ ಹಾಕುತ್ತೇನೆ, ಕುಡಿಯುವ ಮೊದಲು ಕೈಗಡಿಯಾರಕ್ಕೆ ಕೀಲಿ ಕೊಡುತ್ತೇನೆ. ಇದನ್ನೆಲ್ಲ ವಿಚಾರಿಸಲು ಒಬ್ಬ ಮನುಷ್ಯ ಕುಪ್ಪಗಡ್ಡೆಯಿಂದ ಬಸ್ಸು ಹತ್ತಿ ಬಂದ ಎಂದರೆ ನೀವು ನಂಬುವುದಿಲ್ಲ.

ಬಂದವನು ಮಹೇಶ್ವರಪ್ಪ. ಹದಿನೆಂಟು ವರ್ಷದ ಹಿಂದೆ, ನಾನು ಸೊರಬದಲ್ಲಿದ್ದಾಗ, ಇವನ ಹೆಂಡತಿಯ ಹೆರಿಗೆಗೆ ಎತ್ತಿನ ಗಾಡಿಯಲ್ಲಿ ಹೋಗಿದ್ದೆ. ಹೆಣ್ಣು ಎಂದು ಹೇಳಿದಾಗ ಈ ಮಹಾಶಯ ಹೆಂಡತಿ ಹೇಗಿದ್ದಾಳೆ ಎಂದು ಕೇಳಲಿಲ್ಲ; ಗಂಟೆ ಎಷ್ಟು ಎಂದು ಕೇಳಿದ. ಬೆಳಿಗ್ಗೆ ಆರು ಹತ್ತು ಎಂದು ಚೀಟಿ ಬರೆದುಕೊಟ್ಟೆ. ಆ ಚೀಟಿಯಿಂದಲೇ ಜಾತಕವಾಯಿತು. ಅವತ್ತು ಆರು ಗಂಟೆಗೆ ಮೂಲಾ ನಕ್ಷತ್ರ ಶುರುವಾಗಿತ್ತಂತೆ. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವ ಉಳಿಯುವುದಿಲ್ಲ ಎಂದು ಹೆದರಿ ಮೂರು ಕಡೆಯವರು ಹುಡುಗಿ ನೀಲಾಂಬಿಕಳನ್ನು ಬೇಡವೆಂದಿದ್ದರು. ಉಪ್ಪಿಟ್ಟನ್ನು ಮಾತ್ರ ಯಾರೂ ಬೇಡವೆನ್ನಲಿಲ್ಲ.

ಈಗ ಆನವಟ್ಟಿಯ ಸಂಬಂಧ ಬಂದಿತ್ತು. ಹುಡುಗಿ ಒಪ್ಪಿದ್ದಳು, ಹುಡುಗ ಒಪ್ಪಿದ್ದ. ಹುಡುಗನ ಅಪ್ಪನಿಗೆ ಪ್ರಾಣಭಯ. ಮಹೇಶ್ವರಪ್ಪ ಮಗಳನ್ನೂ ಕರೆತಂದು ನನ್ನ ಜಗಲಿಯ ಮೇಲೆ ಕೂತು, ದೊಡ್ಡ ವಕೀಲನ ಹಾಗೆ ಪಾಟೀಸವಾಲು ಹಾಕತೊಡಗಿದ.

“ನಿಮಗೆ ಆಗ ಕಣ್ಣು ಸರಿಯಾಗಿ ಕಾಣ್ತಿತ್ತೇನ್ರಿ ನರ್ಸಮ್ಮ?”

“ಹೊಕ್ಕುಳಬಳ್ಳಿ ಕತ್ತರಿಸಿದ್ದು ನಾನೇ. ಬೇರೆ ಏನನ್ನೂ ಕತ್ತರಿಸಲಿಲ್ಲವಲ್ಲ.”

“ನಿದ್ದೆಗೆಟ್ಟು ಗಡಿಯಾರಕ್ಕೆ ಕೀಲಿ ಕೊಡೋದು ಮರೆತಿರಬೌದಲ್ರಿ?”

“ಊಟ ಮರ್ತಿದೀನಿ. ಅದನ್ನ ಮರ್ತಿಲ್ಲ.”

“ಹೆಂಗಸರ ಕೈಯಾಗಿನ ಗಡಿಯಾರ ನೋಡ್ರಿ, ಒಂಚೂರು ಹಿಂದ್ಮುಂದ ಇದ್ದೇ ಇರ್ತೈತಿ.”

ನನಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷದಲ್ಲಿ ನಾನು ಡ್ಯೂಟಿಗೆ ಒಂದು ನಿಮಿಷ ತಡಮಾಡಿದವಳಲ್ಲ. ಡಾಕ್ಟರೇ ನನ್ನ ಗಡಿಯಾರ ನೋಡಿ ತಮ್ಮದನ್ನು ಸರಿಮಾಡಿಕೊಳ್ಳುತ್ತಿದ್ದರು. ಗಂಡನಿಲ್ಲ, ಮಕ್ಕಳಿಲ್ಲ, ಹೊಲವಿಲ್ಲ. ನನ್ನದೆಂದು ಇದ್ದ ಮರ್ಯಾದೆ ಅದೊಂದೇ. ಎದ್ದು ಹೋಗಿ ಎನ್ನಲು ಬಾಯಿ ತೆರೆದೆ. ಆಗ ಕಂಬಕ್ಕೆ ಒರಗಿ ನಿಂತಿದ್ದ ನೀಲಾಂಬಿಕ ಕಂಡಳು. ಅವಳು ಅಪ್ಪನನ್ನೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ನನ್ನ ಮಣಿಕಟ್ಟಿನ ಮೇಲಿದ್ದ ಗಡಿಯಾರವನ್ನೇ ನೋಡುತ್ತಿದ್ದಳು.

“ಹೌದ್ರಿ, ಇಪ್ಪತ್ತು ನಿಮಿಷ ಮುಂದಿತ್ತು,” ಎಂದೆ. “ಬಸ್ಸು ತಪ್ಪಬಾರದು ಅಂತ ನಾನೇ ಮುಂದಿಡ್ತಿದ್ದೆ.”

ಹಾಗಾದರೆ ಹುಡುಗಿ ಹುಟ್ಟಿದ್ದು ಐದು ಐವತ್ತಕ್ಕೆ, ಮೂಲಾ ನಕ್ಷತ್ರಕ್ಕಿಂತ ಹಿಂದಿನ ಜ್ಯೇಷ್ಠಾ ನಕ್ಷತ್ರದಲ್ಲಿ. ಜ್ಯೇಷ್ಠೆಯ ಕೆಡುಕು ಗಂಡನ ಅಣ್ಣನಿಗಂತೆ. ಆನವಟ್ಟಿಯ ಹುಡುಗನಿಗೆ ಅಣ್ಣನೇ ಇಲ್ಲ. ಎಂಥಾ ಶಾಸ್ತ್ರ, ಎಂಥಾ ಜನ! ಮಹೇಶ್ವರಪ್ಪ ನನ್ನಿಂದ ಕಾಗದ ಬರೆಸಿ ಸಹಿ ಹಾಕಿಸಿಕೊಂಡ.

“ಮೊದ್ಲೇ ಹೇಳಬಾರ್ದಿತ್ತೇನ್ರಿ? ನನ್ನ ಮಗಳ ಬಾಳು ಹಾಳು ಮಾಡಿದ್ರಲ್ಲ,” ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡ.

ನಾಲ್ಕೇ ದಿನದಲ್ಲಿ ಬಸ್ ಸ್ಟ್ಯಾಂಡಿನಲ್ಲೆಲ್ಲ ಅದೇ ಮಾತು. ನರ್ಸಮ್ಮನ ಗಡಿಯಾರ ಯಾವತ್ತೂ ಸರಿ ಇರಲಿಲ್ಲವಂತೆ. ದಿನಾ ನನ್ನನ್ನು ಗಂಟೆ ಕೇಳುತ್ತಿದ್ದ ಹಾಲಿನ ಮೂಕಮ್ಮ ಕೇಳುವುದನ್ನೇ ಬಿಟ್ಟಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅಳು ಬಂತು.

ತಿಂಗಳಾದ ಮೇಲೆ ಮದುವೆಯ ಸೀರೆ ತರಲು ಬಂದಿದ್ದ ನೀಲಾಂಬಿಕ, ತಾಯಿಯನ್ನು ಬಟ್ಟೆ ಅಂಗಡಿಯಲ್ಲಿ ಬಿಟ್ಟು ಒಬ್ಬಳೇ ನನ್ನ ಮನೆಗೆ ಬಂದಳು.

“ಅಮ್ಮಾ, ನಿಮ್ಮ ಗಡಿಯಾರ ಖರೇನೇ ಮುಂದಿತ್ತಾ?”

ಅಷ್ಟರಲ್ಲಿ ತಾಲ್ಲೂಕು ಕಚೇರಿಯಲ್ಲಿ ಹನ್ನೊಂದು ಗಂಟೆ ಬಾರಿಸಿದರು. ಅವಳು ನನ್ನ ಕೈ ಎತ್ತಿ ನೋಡಿದಳು. ಸರಿಯಾಗಿ ಹನ್ನೊಂದು.

ಅವಳು ಗಡಿಯಾರ ಬಿಚ್ಚಿಕೊಂಡು, ಮುಳ್ಳನ್ನು ಇಪ್ಪತ್ತು ನಿಮಿಷ ಮುಂದೆ ತಿರುಗಿಸಿ, ಮತ್ತೆ ನನ್ನ ಕೈಗೆ ಕಟ್ಟಿದಳು.

“ಆನವಟ್ಟಿಯವರು ಬಂದು ನೋಡಿದ್ರೆ ಏನ್ ಮಾಡ್ತೀರಿ?” ಎಂದಳು.

ಮೂವತ್ತು ವರ್ಷದಲ್ಲಿ ಆ ಗಡಿಯಾರದ ಮುಳ್ಳನ್ನು ನಾನಲ್ಲದೆ ಇನ್ನೊಬ್ಬರು ಮುಟ್ಟಿರಲಿಲ್ಲ. ಅವಳು ಕಟ್ಟಿ ಮುಗಿಸುವವರೆಗೂ ನಾನು ಕೈ ಚಾಚಿಕೊಂಡೇ ಕೂತಿದ್ದೆ.