ಜೆಟ್ಟಿಯ ಕಪ್ಪು ಪರದೆ

ನಮ್ಮ ಜೆಟ್ಟಿಯಲ್ಲಿ ದೋಣಿ ಕೂಗುವ ಕೆಲಸ ಪೆರ್ಪೆತುವೊ ಅವರದು. ನಾವೆಲ್ಲ ಅವರನ್ನು ಮನೋಂಗ್, ಅಂದರೆ ಅಣ್ಣ, ಅಂತ ಕರೆಯುತ್ತೇವೆ. ಯಾವ ದೋಣಿ ಇಲೊಯಿಲೊ ಪಟ್ಟಣಕ್ಕೆ ಹೊರಟಿದೆ, ಯಾರ ಹಂದಿಮರಿ ತಪ್ಪಿಸಿಕೊಂಡಿದೆ, ಎಲ್ಲವನ್ನೂ ಇಪ್ಪತ್ತಾರು ವರ್ಷ ತಮಾಷೆ ಬೆರೆಸಿಯೇ ಕೂಗಿದ್ದಾರೆ. ಬೆಂಚುಗಳ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪಕ್ಕದ ಕಿಟಕಿಯಲ್ಲಿ ಟಿಕೆಟ್ ಕೊಡುವವಳು ನಾನು.

ಕಳೆದ ಫೆಬ್ರವರಿಯಲ್ಲಿ ಅವರ ಗಂಟಲಿನ ಗಂಟು ತೆಗೆದರು. ಮೂರು ತಿಂಗಳು ದನಿ ಎತ್ತಬಾರದೆಂದು ಡಾಕ್ಟರು ಹೇಳಿದರು. ಆದರೂ ಮನೋಂಗ್ ದಿನಾ ಬಂದು ನನ್ನ ಪಕ್ಕ ಸ್ಟೂಲಿನ ಮೇಲೆ ಸುಮ್ಮನೆ ಕೂರುತ್ತಿದ್ದರು. ಹೊರಗೆ ದೋಣಿಯವರೆಲ್ಲ ಒಟ್ಟಿಗೆ ಅರಚುತ್ತಿದ್ದರು, ಜನ ಯಾವುದೋ ದೋಣಿ ಹತ್ತಿ ಇಳಿಯುತ್ತಿದ್ದರು. ಆಗ ಮನೋಂಗ್ ಮುಖ ನೋಡಲಾಗುತ್ತಿರಲಿಲ್ಲ.

ಇದು ಕಣ್ಣಿಗೆ ಬಿದ್ದದ್ದು ನಿವೃತ್ತ ಟೀಚರ್ ಲೂದಿವಿನಾಗೆ. ಶಾಲೆಯವರು ಎಸೆಯಹೊರಟಿದ್ದ ಹಳೆಯ ಕಂಪ್ಯೂಟರೊಂದನ್ನು ಅವರು ಮನೆಗೆ ಒಯ್ದು ಇಟ್ಟುಕೊಂಡಿದ್ದರು. ಅದನ್ನೇ ಮೂರುಗಾಲಿ ಗಾಡಿಯಲ್ಲಿ ಹೇರಿಸಿಕೊಂಡು ಬಂದರು.

"ಇದೇನ್ ಮೇಡಂ, ಮ್ಯೂಸಿಯಮ್ಮಿಂದ ಕದ್ರಾ?" ಅಂದೆ.

"ಓಡು ಅಂದ್ರೆ ಇದು ಮುಗ್ಗರಿಸತ್ತೆ. ನಡಿ ಅಂದ್ರೆ ನಡಿಯತ್ತೆ. ಚಿತ್ರ ಗಿತ್ರ ತೋರಿಸೋದೆಲ್ಲ ಕಿತ್ತು ಹಾಕಿದೀನಿ. ಬರೀ ಅಕ್ಷರ. ಅಷ್ಟು ಸಾಕಲ್ವಾ ನಮಗೆ?"

ಫ್ಯಾನಿನೊಳಗಿನ ಧೂಳನ್ನು ಬಣ್ಣದ ಬ್ರಷ್ಷಿನಿಂದ ಕೆರೆದು ತೆಗೆದು, ಪರದೆಯನ್ನು ಗಾಜಿನ ಹಿಂದೆ ಬೆಂಚುಗಳ ಕಡೆಗೆ ತಿರುಗಿಸಿಟ್ಟರು. ಕಪ್ಪು ಪರದೆಯ ಮೇಲೆ ಬೆರಳಗಲದ ಹಸಿರು ಅಕ್ಷರ, ಮೂರೇ ಸಾಲು. ಮನೋಂಗ್ ಒಂದೇ ಬೆರಳಿನಲ್ಲಿ ಒತ್ತತೊಡಗಿದರು.

"ನೀವು ಬರೆದು ಮುಗಿಸೋ ಹೊತ್ತಿಗೆ ದೋಣಿ ಹೋಗಿ ವಾಪಸ್ ಬಂದಿರತ್ತೆ," ಅಂತ ನಾನು ರೇಗಿಸಿದೆ.

"ನಿನ್ನ ಬಾಯಿಗೂ ಮೂರು ತಿಂಗಳು ರಜೆ ಕೊಡಿಸ್ತೀನಿ, ಇಂದಾಯ್," ಎಂದು ಪರದೆಯ ಮೇಲೆ ಬಂತು. ಕಿರಿಯ ಹೆಂಗಸರನ್ನೆಲ್ಲ ಅವರು ಇಂದಾಯ್ ಅಂತಲೇ ಕರೆಯುವುದು. ಇಡೀ ಜೆಟ್ಟಿ ಓದಿ ನಕ್ಕಿತು.

ಮೂರನೆಯ ಬೆಳಿಗ್ಗೆ ಅವರು ಬರೆದರು: "ಸಾಂತಾ ಇನೆಸ್ ದೋಣಿ ಹತ್ತು ನಿಮಿಷದಲ್ಲಿ. ಕ್ಯಾಪ್ಟನ್ ಗಾಲೊ ಹೊಸ ಪ್ಯಾಂಟ್ ಹಾಕಿದಾನೆ. ಮೀನಿನವರು ದೂರ ಕೂತ್ಕೊಳ್ಳಿ."

ಆಗ ಹಿಂದಿನ ಬೆಂಚಿನಿಂದ ನಾವು ಯಾರೂ ಹಿಂದೆಂದೂ ಕೇಳಿರದ ಒಂದು ದೊಡ್ಡ ನಗು ಎದ್ದಿತು. ಒಣಮೀನು ಮಾರುವ ಕ್ರಿಸಾಂತಾ. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳುವುದಿಲ್ಲ. ಪಟ್ಟಣದ ಶಾಲೆಯಲ್ಲಿ ಓದು ಬರಹ ಕಲಿತವಳು. ಜೆಟ್ಟಿಯಲ್ಲಿ ಮಾತ್ರ ಉಳಿದವರ ಕಾಲು ಯಾವ ಕಡೆ ಹೊರಟವೆಂದು ನೋಡಿಕೊಂಡು ಹಿಂದೆ ಹೋಗುತ್ತಿದ್ದಳು. ಎಷ್ಟೋ ಸಲ ದೋಣಿ ತಪ್ಪಿಸಿಕೊಂಡಿದ್ದಳು.

ಬುಟ್ಟಿ ಕೆಳಗಿಟ್ಟು ಕಿಟಕಿಗೆ ಬಂದಳು. ಕೈಚಾಚಿ ಕೀಲಿಮಣೆ ಎಳೆದುಕೊಂಡು ಸರಸರ ಒತ್ತಿದಳು.

"ಇಷ್ಟು ವರ್ಷ ಎಲ್ರೂ ಯಾಕೆ ನಗ್ತಾರೆ ಅಂತ ಗೊತ್ತಿರ್ಲಿಲ್ಲ. ನನ್ನ ನೋಡಿ ನಗ್ತಾರೆ ಅಂದ್ಕೊಂಡಿದ್ದೆ."

ಮನೋಂಗ್ ಪರದೆಯತ್ತ ಬಾಗಿ ಓದಿ, ಕೀಲಿಮಣೆಯನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಒಂದೊಂದೇ ಅಕ್ಷರ ಮೂಡಿತು: "ತಪ್ಪು ನಂದು, ಇಂದಾಯ್. ನಿನಗೆ ಕೇಳಿಸಲ್ಲ ಅನ್ನೋದು ಗೊತ್ತಿತ್ತು. ಆದ್ರೂ ಒಂದು ದಿನಾನೂ ಯೋಚನೆ ಮಾಡ್ಲಿಲ್ಲ."

ಅವಳು ಓದಿದಳು. ಮತ್ತೆ ಒತ್ತಿದಳು: "ದೋಣಿ ಹೊರಡ್ತಿದೆ. ಅಳೋದು ಸಾಯಂಕಾಲಕ್ಕೆ ಇಟ್ಕೊಳ್ಳೋಣ."

ಬುಟ್ಟಿ ಹೊತ್ತು ಎಲ್ಲರಿಗಿಂತ ಮೊದಲು ಹೋಗಿ ಸಾಂತಾ ಇನೆಸ್ ಹತ್ತಿದಳು. ಕೂತದ್ದು ಗಾಲೊನ ಪಕ್ಕದಲ್ಲೇ.

ಮೇ ತಿಂಗಳಲ್ಲಿ ಮನೋಂಗ್ ದನಿ ಮರಳಿತು, ಸ್ವಲ್ಪ ಒಡಕಾಗಿ. ಯಂತ್ರವನ್ನು ಒಯ್ಯಲು ಟೀಚರ್ ಬಂದರೆ ಮನೋಂಗ್ ಅದರ ಮುಂದಿನಿಂದ ಏಳಲೇ ಇಲ್ಲ. ಈಗ ಮೊದಲು ಬರೆಯುತ್ತಾರೆ, ಆಮೇಲೆ ಕೂಗುತ್ತಾರೆ. ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಸ್ಟೂಲಿನ ಮೇಲೆ ಕೂತು ಬರೆಯುವವಳು ಕ್ರಿಸಾಂತಾ. ಅವಳ ತಮಾಷೆ ಮನೋಂಗ್ ಅವರದಕ್ಕಿಂತ ಖಾರ. ಅದನ್ನು ಓದಲೆಂದೇ ಕೆಲವರು ಬೇಕೆಂದೇ ಒಂದು ದೋಣಿ ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ.