ಇಪ್ಪತ್ಮೂರು ಎಡಗೈಗಳು

ಬುಧವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಹ್ಯಾಂಬರ್ಗ್‌ನಿಂದ ಇಮೇಲ್ ಬಂತು. ಆಟದಲ್ಲಿರುವ ಇಪ್ಪತ್ಮೂರು ಜನಕ್ಕೂ ಎಡಗೈ ಏಕೆ ಬಿದ್ದುಹೋಗಿದೆ ಎಂದು ಪ್ರಕಾಶಕರು ಕೇಳಿದ್ದರು.

ಮೊಂತೆವಿದೆಯೊದ ಕೊರ್ದೊನ್ ಬಡಾವಣೆಯಲ್ಲಿ, ಪಾಸ್ತಾ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಮೂರೇ ಜನರ ಗೇಮ್ ಸ್ಟುಡಿಯೊ ಅದು. ಒಡೆಯ ವಾಷಿಂಗ್ಟನ್ ಬೆರ್ರುತ್ತಿ. ಆಟದ ಕಥೆಯೂ ಅವನದೇ. ಪ್ರೋಗ್ರಾಮರ್ ಅನಿಬಾಲ್. ಚಿತ್ರಗಳೆಲ್ಲ ಲೂರ್ದೆಸ್ ಪೆರ್ದೊಮೊಳವು: ಕಡಲಂಚಿನ ರಸ್ತೆ, ಹದಿನೇಳು ಬೀದಿದೀಪ, ಏಣಿ ಹತ್ತಿ ಅವನ್ನು ರಿಪೇರಿ ಮಾಡುವ ಎಲೆಕ್ಟ್ರಿಷಿಯನ್ ಒಲೆಗಾರಿಯೊ, ಆ ದಾರಿಯಲ್ಲಿ ಓಡಾಡುವ ಇಪ್ಪತ್ತೆರಡು ಜನ. ಹದಿನಾಲ್ಕು ತಿಂಗಳ ಕೆಲಸ.

ಇಮೇಲ್ ಬರೆದವಳು ಉಲ್ರಿಕೆ. ಒಂಬತ್ತು ಜನರಿಗೆ ಆಟ ಆಡಲು ಕೊಟ್ಟಿದ್ದಳಂತೆ. ಆರು ಜನ ಎಡಗೈಯ ಮಾತೆತ್ತಿದ್ದರು. ಇಬ್ಬರು ಇದು ಕಥೆಯೊಳಗಿನ ಸಾಂಕ್ರಾಮಿಕ ರೋಗ ಎಂದುಕೊಂಡಿದ್ದರು. ಅವರಲ್ಲಿ ಒಬ್ಬ ನಲವತ್ತು ನಿಮಿಷ ಆಸ್ಪತ್ರೆ ಹುಡುಕಿದ್ದ. ಕೊನೆಯ ಸಾಲು ಚಿಕ್ಕದಾಗಿತ್ತು. ಸೋಮವಾರದೊಳಗೆ ಸರಿಯಾಗದಿದ್ದರೆ ಜನರ ಚಿತ್ರಗಳನ್ನೆಲ್ಲ ತಮ್ಮ ಕಡೆಯ ಕಲಾವಿದರೇ ಹೊಸದಾಗಿ ಬರೆಯುತ್ತಾರೆ.

"ಎಲ್ಲಿ?" ವಾಷಿಂಗ್ಟನ್ ಪರದೆಗೆ ಮೂಗು ತಾಗಿಸಿಕೊಂಡು ನೋಡಿದ. "ಸರಿಯಾಗೇ ನಡೀತಿದಾರಲ್ಲ."

"ನಂಗೂ ಏನೂ ಕಾಣ್ತಿಲ್ಲಪ್ಪ," ಎಂದ ಅನಿಬಾಲ್. "ಅಲ್ಲಿ ಕಣ್ಣಿನ ಡಾಕ್ಟ್ರು ಸಿಗಲ್ವೇನೋ."

ಲೂರ್ದೆಸ್ ನಡಿಗೆಯನ್ನು ನಿಧಾನಗೊಳಿಸಿ ನೋಡಿದಳು. ಒಲೆಗಾರಿಯೊನ ಬಲಗೈ ಹಿಂದಕ್ಕೂ ಮುಂದಕ್ಕೂ ಬೀಸುತ್ತಿತ್ತು. ಎಡ ಮೊಣಕೈ ಪಕ್ಕೆಗೆ ಅಂಟಿತ್ತು, ಮುಂಗೈ ಹೊಟ್ಟೆಯ ಮುಂದೆ ಮಡಚಿತ್ತು. ಅವನ ಹಿಂದೆ ಬರುತ್ತಿದ್ದ ಮೀನು ಮಾರುವವಳದೂ ಹಾಗೇ. ಪಾದ್ರಿಯದೂ ಹಾಗೇ. ಒಲೆಗಾರಿಯೊ ಏಣಿಯನ್ನೂ ಒಂದೇ ಕೈಯಲ್ಲಿ ಹತ್ತಿದ.

"ಫ್ಲಾಸ್ಕ್," ಎಂದಳು.

ಇಬ್ಬರೂ ಅವಳ ಮುಖ ನೋಡಿದರು. ನೋಡಿದವರ ಎಡಗಂಕುಳಲ್ಲಿ ಒಂದೊಂದು ಬಿಸಿನೀರಿನ ಫ್ಲಾಸ್ಕ್ ಇತ್ತು. ಅದೇ ಕೈಯಲ್ಲಿ ಮಾಟೆ ಸೊಪ್ಪು ತುಂಬಿದ ಸೋರೆಬುರುಡೆ, ಅದರಲ್ಲಿ ಹೀರುವ ಕೊಳವೆ; ಆ ಊರಿನವರು ಬಿಸಿನೀರು ಬಗ್ಗಿಸಿಕೊಂಡು ದಿನವಿಡೀ ಹೀರುವ ಚಹಾದಂಥ ಕಷಾಯ ಅದು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ಲೂರ್ದೆಸ್ ಮೊದಲು ಬರೆದಾಗ ಇಪ್ಪತ್ಮೂರು ಜನಕ್ಕೂ ಫ್ಲಾಸ್ಕ್ ಇತ್ತು. ಕಂಕುಳಲ್ಲಿರುವ ಫ್ಲಾಸ್ಕ್ ಬಾಂಬಿನಂತೆ ಕಾಣುತ್ತದೆ, ತೆಗೆದುಬಿಡಿ ಎಂದು ಮಾರ್ಚ್‌ನಲ್ಲಿ ಪ್ರಕಾಶಕರು ಹೇಳಿದರು. ಅವಳು ಫ್ಲಾಸ್ಕ್ ತೆಗೆದಳು, ಬುರುಡೆ ತೆಗೆದಳು. ಕೈ ಇದ್ದಲ್ಲೇ ಇತ್ತು. ಈಗ ನವೆಂಬರ್. ಎಂಟು ತಿಂಗಳಲ್ಲಿ ದಿನಕ್ಕೆ ಹತ್ತು ಸಲ ಆಡಿ ನೋಡಿದ್ದರೂ ಮೂವರಲ್ಲಿ ಒಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ.

ನಡಿಗೆಗೆ ತಲಾ ಹನ್ನೆರಡು ಚಿತ್ರ, ಒಟ್ಟು ಇನ್ನೂರ ಎಪ್ಪತ್ತಾರು. ಕೂರುವುದು, ತಿರುಗುವುದು, ಕೈಕುಲುಕುವುದು ಸೇರಿದರೆ ಆರುನೂರು ದಾಟುತ್ತಿತ್ತು. ಇದ್ದದ್ದು ಐದು ದಿನ.

"ಜರ್ಮನಿಯೋರೇ ಬರೀಲಿ ಬಿಡು," ಎಂದ ಅನಿಬಾಲ್. "ನಿಂಗೂ ರಜಾ ಸಿಗುತ್ತೆ."

"ಆ ಮೀನಿನವಳು ನಮ್ಮ ದೊಡ್ಡಮ್ಮ ಕಣೋ. ಅವಳ ಮೂಗು ಬರೆಯೋಕೇ ನಂಗೆ ಒಂದು ವಾರ ಹಿಡೀತು. ಅವಳನ್ನ ಅವ್ರು ಏನು ಮಾಡಿಬಿಡ್ತಾರೋ. ಏಳು, ಕಾರಿಡಾರಲ್ಲಿ ನಡಿ. ಫ್ಲಾಸ್ಕ್ ಕೆಳಗಿಟ್ಟು ನಡಿ."

ಅನಿಬಾಲ್ ನಡೆದ.

"ಎಡಗೈ ಬೀಸೋ."

"ಬೀಸ್ತಾನೇ ಇದೀನಲ್ಲ."

ಬೀಸುತ್ತಿರಲಿಲ್ಲ. ವಾಷಿಂಗ್ಟನ್ ನಡೆದು ತೋರಿಸಿದ. ಅವನು ಬೇಕೆಂದೇ ಎಡಗೈ ಬೀಸಿದ; ಪಥಸಂಚಲನಕ್ಕೆ ತಡವಾಗಿ ಬಂದ ಸಿಪಾಯಿಯಂತೆ ಕಂಡ. ಲೂರ್ದೆಸ್ ಪೆನ್ಸಿಲ್ ಕೆಳಗಿಟ್ಟಳು.

ಕೆಳಗಿನ ಅಂಗಡಿಯ ದೋನ್ಯಾ ಎಲ್ಬಾ ಮಾಟೆ ಕುಡಿಯುವುದಿಲ್ಲ ಎಂಬುದು ಅವಳಿಗೆ ನೆನಪಾಯಿತು. ಇಳಿದು ಹೋಗಿ, ಬಾಗಿಲಿಂದ ಗಲ್ಲಾಪೆಟ್ಟಿಗೆಯವರೆಗೆ ಒಮ್ಮೆ ನಡೆದು ತೋರಿಸಬೇಕೆಂದು ಕೇಳಿಕೊಂಡಳು.

"ಯಾಕಮ್ಮ, ಮದುವೆಗೆ ಹೆಣ್ಣು ನೋಡೋಕೆ ಬಂದಿದೀಯಾ?" ಎನ್ನುತ್ತಲೇ ದೋನ್ಯಾ ಎಲ್ಬಾ ಹಿಟ್ಟಿನ ಕೈ ಒರೆಸಿಕೊಂಡು ನಡೆದಳು. ಎಡ ಮೊಣಕೈ ಪಕ್ಕೆ ಬಿಟ್ಟು ಅಲ್ಲಾಡಲಿಲ್ಲ.

"ನೀವು ಮಾಟೆ ಬಿಟ್ಟಿದೀರಿ ಅಂದ್ಕೊಂಡಿದ್ದೆ."

"ಹೊಟ್ಟೆ ಹುಣ್ಣು ಅಂತ ಡಾಕ್ಟ್ರು ಬಿಡಿಸಿ ಆರು ವರ್ಷ ಆಯ್ತಲ್ಲ. ನಾನು ಬಿಟ್ಟೆ ಮಗಳೇ, ಈ ಕೈ ಬಿಟ್ಟಿಲ್ಲ." ಎಡಗೈಯನ್ನು ತಾನೇ ಮೊದಲ ಸಲ ನೋಡಿದವಳಂತೆ ನೋಡಿಕೊಂಡಳು. "ಇನ್ನೂ ಕಾಯ್ತಾ ಇದೆ ನೋಡು, ಮುಂಡೇದು."

ಲೂರ್ದೆಸ್ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಕಂಪ್ಯೂಟರಿನಲ್ಲಿ ಅವಳ ಚಿತ್ರಗಳು ಪದರ ಪದರವಾಗಿದ್ದವು: ಮೈ ಒಂದು, ಅಂಗಿ ಒಂದು, ಟೋಪಿ ಒಂದು. ಎಲ್ಲಕ್ಕೂ ಕೆಳಗಿನ ಪದರವನ್ನು ಒತ್ತಿದಳು. ದೊಡ್ಡಮ್ಮನ ಕಂಕುಳಲ್ಲಿ ಹಸಿರು ಫ್ಲಾಸ್ಕ್ ಮೂಡಿತು.

"ಅಳಿಸಿರ್ಲಿಲ್ವಾ ನೀನು?" ಎಂದ ವಾಷಿಂಗ್ಟನ್.

"ಮುಚ್ಚಿಟ್ಟಿದ್ದೆ. ಅಳಿಸೋಕೆ ಮನಸ್ಸು ಬರ್ಲಿಲ್ಲ."

"ಮತ್ತೆ ಬಾಂಬ್ ಅಂತಾರೆ."

"ಅನ್ನದೆ ಇನ್ನೇನು? ನಮ್ಮ ಆಟದಲ್ಲಿ ಇಪ್ಪತ್ಮೂರು ಜನ ಫ್ಲಾಸ್ಕ್ ಹೊತ್ಕೊಂಡು ಓಡಾಡ್ತಾರೆ. ಒಬ್ರಾದ್ರೂ ಅದ್ರಿಂದ ಒಂದು ಗುಟುಕು ಕುಡಿದಿದಾರಾ?"

ವಾಷಿಂಗ್ಟನ್ ಯೋಚಿಸಿದ. ಹದಿನಾಲ್ಕು ತಿಂಗಳಲ್ಲಿ ಯಾರೂ ಕುಡಿದಿರಲಿಲ್ಲ. ನೀರು ಬಗ್ಗಿಸುವುದನ್ನು ಅವಳು ಬರೆದಿರಲಿಲ್ಲ, ಅವನು ಕೇಳಿರಲಿಲ್ಲ. ಉಸಿರಾಡುವುದನ್ನು ಯಾರಾದರೂ ಕಥೆಯಲ್ಲಿ ಬರೆಯುತ್ತಾರೆಯೇ?

"ಕುಡಿಯೋದನ್ನ ಬರೀತೀನಿ," ಎಂದಳು ಲೂರ್ದೆಸ್. "ಬಗ್ಗಿಸೋದು, ಪಕ್ಕದೋರಿಗೆ ಕೊಡೋದು, ವಾಪಸ್ ತಗೊಳ್ಳೋದು. ಅಷ್ಟೇ ಸಾಕು."

"ಏಣಿ?" ಅನಿಬಾಲ್ ಕೇಳಿದ. "ಫ್ಲಾಸ್ಕ್ ಇಟ್ಕೊಂಡು ಒಂದೇ ಕೈಯಲ್ಲಿ ಹತ್ತೋದು ಅವ್ರಿಗೆ ಇನ್ನೂ ವಿಚಿತ್ರ ಅನ್ಸುತ್ತೆ."

"ಎರಡೂ ಕೈಯಲ್ಲಿ ಹತ್ತಲಿ. ಹತ್ತೋಕೆ ಮುಂಚೆ ಕೆಳಗಿರೋರಿಗೆ ಫ್ಲಾಸ್ಕ್ ಕೊಡ್ಲಿ. 'ಒಂಚೂರು ಹಿಡ್ಕೊಳ್ರೀ' ಅನ್ಲಿ."

"ಗುರುತಿಲ್ಲದೋರು ಯಾಕೆ ಹಿಡ್ಕೋತಾರೆ?"

"ಮೊದ್ಲು ಒಂದು ಮಾಟೆ ಕೊಡ್ಬೇಕು. ಆಮೇಲೆ ಗುರುತಿಲ್ಲದೋರು ಹೆಂಗಾಗ್ತಾರೆ?"

ಅನಿಬಾಲ್ ಕುರ್ಚಿ ತಿರುಗಿಸಿಕೊಂಡು ಕೀಲಿಮಣೆ ಕುಟ್ಟತೊಡಗಿದ. ಅವನ ಮಟ್ಟಿಗೆ ಅದೇ ಒಪ್ಪಿಗೆ.

ಗುರುವಾರ, ಶುಕ್ರವಾರ ವಾಷಿಂಗ್ಟನ್ ಕಿಟಕಿಯ ಬಳಿ ಕೂತು ನೀರು ಬಗ್ಗಿಸಿದ, ಲೂರ್ದೆಸ್ ಬರೆದಳು. ಎಲ್ಲರಿಗೂ ಹೊಂದುವ ಹದಿನೆಂಟು ಚಿತ್ರಕ್ಕೆ ಅವನು ಮೂವತ್ತೊಂದು ಮಾಟೆ ಕುಡಿದ. ಎಡಗಣ್ಣಿನ ರೆಪ್ಪೆ ಅದುರುತ್ತಿದೆ ಎಂದು ದೂರಿದ. ಏಣಿಗೆ ಎರಡನೆಯ ಕೈ ಬರೆಯಲು ಶನಿವಾರ ಹೋಯಿತು.

ಭಾನುವಾರ ಮಧ್ಯಾಹ್ನ ಮೊದಲ ಸಲ ಆಡಿ ನೋಡಿದರು. ಒಲೆಗಾರಿಯೊ ಕಂದು ಟೋಪಿಯ ಗಂಡಸಿಗೆ ಮಾಟೆ ಕೊಟ್ಟ, ಫ್ಲಾಸ್ಕ್ ಕೊಟ್ಟ, ಏಣಿ ಹತ್ತಿದ. ಕಂದು ಟೋಪಿಯವನು ಫ್ಲಾಸ್ಕ್ ಸಮೇತ ರಸ್ತೆ ಹಿಡಿದು ಹೊರಟೇಹೋದ. ಒಲೆಗಾರಿಯೊ ಇಳಿದು ಬಂದು ಖಾಲಿ ಜಾಗದ ಮುಂದೆ ನಿಂತ.

"ತಪ್ಪಾಯ್ತು, ಸರಿಮಾಡ್ತೀನಿ," ಎಂದ ಅನಿಬಾಲ್.

"ಬೇಡ, ಇರ್ಲಿ," ಎಂದ ವಾಷಿಂಗ್ಟನ್. "ಥೇಟ್ ನನ್ನ ಹೆಂಡ್ತಿ ತಮ್ಮ."

ಉಳಿದ ಇಪ್ಪತ್ತೊಂದು ಜನ ಫ್ಲಾಸ್ಕ್ ಹಿಡಿದು ನಿಲ್ಲುವಂತಾಯಿತು. ಕಂದು ಟೋಪಿಯವನನ್ನು ಹಾಗೇ ಬಿಟ್ಟರು. ಸೋಮವಾರ ಹನ್ನೊಂದು ಐವತ್ತಕ್ಕೆ ಆಟವನ್ನು ಹ್ಯಾಂಬರ್ಗ್‌ಗೆ ಕಳಿಸಿದರು. ಮಂಗಳವಾರ ಲೂರ್ದೆಸ್ ಹನ್ನೊಂದು ಪೆನ್ಸಿಲ್ ಚೂಪು ಮಾಡಿದಳು, ಒಂದರಲ್ಲೂ ಬರೆಯಲಿಲ್ಲ.

ಬುಧವಾರ ಒಂಬತ್ತು ಗಂಟೆ ಐದು ನಿಮಿಷಕ್ಕೆ ಉತ್ತರ ಬಂತು. ಹೊಸ ಒಂಬತ್ತು ಜನ ಆಡಿದ್ದರು. ಎಡಗೈಯ ಮಾತನ್ನು ಯಾರೂ ಎತ್ತಿರಲಿಲ್ಲ. ನಾಲ್ವರು ಆ ಬುರುಡೆ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದರು. ಎಂಟು ಜನ ಕಂದು ಟೋಪಿಯವನನ್ನು ಬೈದಿದ್ದರು. ಅವರಲ್ಲಿ ಮೂವರು ಅವನಿಗೆ ಎರಡನೆಯ ಸಲವೂ ಫ್ಲಾಸ್ಕ್ ಕೊಟ್ಟು ನೋಡಿದ್ದರು. ಜನರ ಚಿತ್ರಗಳು ಇರುವ ಹಾಗೇ ಇರಲಿ, ಬೇರೆಯವರು ಮುಟ್ಟುವುದಿಲ್ಲ ಎಂದು ಉಲ್ರಿಕೆ ಬರೆದಿದ್ದಳು. ಕೇಳಿದ್ದು ಒಂದೇ: ಇಪ್ಪತ್ನಾಲ್ಕನೆಯ ವ್ಯಕ್ತಿಯಾಗಿ ಒಬ್ಬ ಪ್ರವಾಸಿ ಬೇಕು. ಅವನಿಗೆ ಫ್ಲಾಸ್ಕ್ ಬೇಡ. ಅದೇನೆಂದು ಅವನು ಒಲೆಗಾರಿಯೊನನ್ನು ಕೇಳಬೇಕು.

"ಕೈ ಬೀಸ್ಕೊಂಡು ನಡೆಯೋನು ಬೇಕು ಅಂತಾಯ್ತು," ಎಂದ ಅನಿಬಾಲ್. "ಎಲ್ಲಿಂದ ತರ್ತೀಯ?"

ಗುರುವಾರ ಬೆಳಿಗ್ಗೆ ಲೂರ್ದೆಸ್ ಬಂದರಿನ ಗೇಟಿನ ಬಳಿ ನಿಂತಿದ್ದಳು. ಚಿತ್ರದ ಪುಸ್ತಕ ಕಟ್ಟೆಯ ಮೇಲೆ, ಫ್ಲಾಸ್ಕ್ ಎಡಗಂಕುಳಲ್ಲಿ, ಪೆನ್ಸಿಲ್ ಬಲಗೈಯಲ್ಲಿ. ಒಂಬತ್ತೂವರೆಗೆ ದೂರದೇಶದ ಹಡಗಿನಿಂದ ಮೊದಲ ಪ್ರಯಾಣಿಕ ಇಳಿದು, ಎರಡೂ ಕೈ ಬೀಸುತ್ತ ಹೊರಗೆ ಬಂದ.