ನಿಷೇಧಾಜ್ಞೆಯ ದಿನದ ಮುಯ್ಯಾಳು

ದಿಬ್ಬೂರಹಳ್ಳಿಯ ಅಶ್ವತ್ಥಮ್ಮನ ರೇಷ್ಮೆ ಹುಳುಮನೆಯ ಮುಂದೆ ಪೊಲೀಸ್ ವ್ಯಾನು ನಿಂತಾಗ ಕಾನ್‌ಸ್ಟೆಬಲ್ ಕವಿತ ಮೊದಲು ಕೆಳಗಿಳಿದಳು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಸಬ್‌ಇನ್ಸ್‌ಪೆಕ್ಟರಿಗೆ ಅಷ್ಟು ಸಾಕಾಯಿತು.

"ನೋಡ್ದ್ಯಾ? ಮೀಟಿಂಗು ನಡೀತಿದೆ," ಎಂದರು.

ರೇಷ್ಮೆಗೂಡಿನ ಬೆಲೆ ಬಿದ್ದದ್ದಕ್ಕೆ ಅವತ್ತು ಮಧ್ಯಾಹ್ನ ಶಿಡ್ಲಘಟ್ಟದಲ್ಲಿ ರಸ್ತೆ ತಡೆ ಮಾಡೋಣವೆಂದು ಅಶ್ವತ್ಥಮ್ಮ ಊರೂರು ತಿರುಗಿ ಹೇಳಿದ್ದು ನಿಜ. ಅದಕ್ಕೇ ನಿಷೇಧಾಜ್ಞೆ ಬಿದ್ದಿತ್ತು: ಐದು ಜನ ಒಟ್ಟಿಗೆ ಸೇರುವಂತಿಲ್ಲ. ಆದರೆ ಆಕೆಯ ಹುಳುಗಳು ಎಣಿಸಿದ್ದಕ್ಕಿಂತ ಒಂದು ದಿನ ಮೊದಲೇ ಹಣ್ಣಾಗಿದ್ದವು. ರೇಷ್ಮೆಹುಳು ಸೊಪ್ಪು ಬಿಟ್ಟು ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಒಂದೊಂದನ್ನೂ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯ ಹಿಕ್ಕೆಯಲ್ಲೇ ಗೂಡು ಕಟ್ಟಿಕೊಂಡು ಬೆಳೆ ಹಾಳು. ಇದು ಒಬ್ಬರ ಕೈಲಾಗುವ ಕೆಲಸವಲ್ಲ. ಹಾಗಾಗಿ ಮುಯ್ಯಾಳು: ಇವತ್ತು ಅವರು ನಮ್ಮ ಮನೆಗೆ, ನಾಳೆ ನಾವು ಅವರ ಮನೆಗೆ. ರಸ್ತೆ ತಡೆಯನ್ನು ಮರೆತು ಹೆಂಗಸರೆಲ್ಲ ಇಲ್ಲಿ ಸೇರಿದ್ದರು. ಹೋದ ಬೆಳೆಗೆ ಪಕ್ಕದ ಬೀದಿಯ ಕವಿತಳ ತಾಯಿಯ ಮನೆಗೆ ಬಂದವರೂ ಇವರೇ.

ನಿಷೇಧಾಜ್ಞೆ ಬರೆದ ಮಹಾನುಭಾವರು ಹುಳು ಸಾಕಿದ್ದರೆ ತಾನೆ!

"ಸಾರ್, ಇದು ಮೀಟಿಂಗಲ್ಲ, ಮುಯ್ಯಾಳು. ಹುಳ ಹಣ್ಣಾಗೈತೆ," ಎಂದಳು ಕವಿತ. "ಒಂದ್ ನಾಲ್ಕು ಜನಾನಾದ್ರೂ ಬಿಟ್ಟು ಹೋಗಣ ಸಾರ್. ನಾಲ್ಕು ಜನ ಇದ್ರೆ ಆರ್ಡರ್‌ಗೂ ಅಡ್ಡಿಯಿಲ್ಲ."

ಸಬ್‌ಇನ್ಸ್‌ಪೆಕ್ಟರು ಕೆಟ್ಟವರೇನಲ್ಲ. ಹಿಂದಿನ ರಸ್ತೆ ತಡೆಯಲ್ಲಿ ಕಲ್ಲು ಬಿದ್ದು ಒಬ್ಬ ಪೇದೆಯ ಕಣ್ಣು ಹೋಗಿತ್ತು. ಅವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಿದವರು ಇವರೇ.

"ಮಧ್ಯಾಹ್ನ ಇವರು ಅಲ್ಲಿಗೆ ಬಂದು ಏನಾದ್ರೂ ಆದ್ರೆ ನೀನು ಜವಾಬ್ದಾರಿ ತಗೋತೀಯೇನಮ್ಮ?"

ಕವಿತಳ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ತಗೋತೀನಿ ಎಂಬ ಒಂದು ಮಾತು ನಾಲಿಗೆಯ ತುದಿಯವರೆಗೆ ಬಂದು ಹಿಂದಕ್ಕೆ ಹೋಯಿತು.

ಎಲ್ಲರನ್ನೂ ವ್ಯಾನಿಗೆ ಹತ್ತಿಸಿದರು. ಅಶ್ವತ್ಥಮ್ಮನ ಅಂಗೈಯಲ್ಲಿ ಇನ್ನೂ ಎರಡು ಹುಳುಗಳಿದ್ದವು. "ದೇವುಡಾ, ಬೆಳೆ ಹೋಯ್ತಲ್ಲಮ್ಮ," ಎಂದು ಆಕೆ ಅಳುತ್ತಿದ್ದರೆ ಕವಿತ ಕಿಟಕಿಯಾಚೆ ನೋಡುತ್ತ ಕೂತಳು.

ಕೇಸು ಗೀಸು ಏನೂ ಹಾಕಲಿಲ್ಲ. ಕಲ್ಯಾಣಮಂಟಪದಲ್ಲಿ ಕೂರಿಸಿ, ಚಿತ್ರಾನ್ನ ಕೊಟ್ಟು, ಸಂಜೆ ಮರ್ಯಾದೆಯಾಗಿ ಬಿಟ್ಟು ಕಳಿಸಿದರು.

ಡ್ಯೂಟಿ ಮುಗಿಸಿದ ಕವಿತ ಸಮವಸ್ತ್ರದಲ್ಲೇ ಹುಳುಮನೆಗೆ ಓಡಿದಳು. ತಟ್ಟೆಗಳ ತುಂಬ ಹುಳುಗಳು ಹಿಕ್ಕೆಯನ್ನೂ ಒಣಸೊಪ್ಪನ್ನೂ ಸುತ್ತಿಕೊಂಡು ಗೂಡು ಕಟ್ಟುತ್ತಿದ್ದವು. ಚಂದ್ರಿಕೆಗಳು ಗೋಡೆಗೊರಗಿ ಖಾಲಿ ನಿಂತಿದ್ದವು.

"ದೊಡ್ಡಮ್ಮ, ನಾನು ಹೇಳ್ದೆ..." ಎಂದಳು.

"ಕೇಳಿಸ್ಕೊಂಡೆ ಕಣಮ್ಮ." ಅಶ್ವತ್ಥಮ್ಮ ಕೆಟ್ಟ ಗೂಡೊಂದನ್ನು ಕಿತ್ತು ಬುಟ್ಟಿಗೆ ಹಾಕಿದಳು. "ಬರೋ ವಾರ ನಿಮ್ಮಮ್ಮನ ಹುಳ ಹಣ್ಣಾಗುತ್ತಲ್ಲ, ನಾವು ಬರ್ತೀವಿ. ಮುಯ್ಯಿ ತಪ್ಪಿಸಲ್ಲ. ಭಯ ಬೀಳಬೇಡಮ್ಮ, ನಾಲ್ಕೇ ಜನ ಬರ್ತೀವಿ."